ಮಡ್‌ಹೆನ್ ಹಳ್ಳ, ಎರಡನೇ ಜಾಗ

ಡಾಂಬರು ಮುಗಿದ ಮೇಲೂ ಎಂಟು ಮೈಲಿ.
ಬಿಳಿ ಮರಳಿನ ದಾರಿ, ಎರಡೂ ಕಡೆ ಗರಗಸದ ಹಲ್ಲಿನ ಕುಳ್ಳು ತಾಳೆ,
ಆಮೇಲೆ ಒಂದು ಹಲಗೆ, ಅದರಲ್ಲಿ ಗುಂಡೇಟಿನ ಮೂರು ತೂತು.
ನಲ್ಲಿ ಇಲ್ಲ, ದೀಪ ಇಲ್ಲ, ಕಕ್ಕಸು ಇಲ್ಲ.
ಇರುವುದನ್ನೂ ಬರೆದಿದ್ದರು: ಮೊಸಳೆ.

ಕಂಬಕ್ಕೆ ಮೊಳೆ ಹೊಡೆದ ತಗಡಿನ ಡಬ್ಬಿ,
ದಾರದಲ್ಲಿ ತೂಗುವ ಮೋಟು ಪೆನ್ಸಿಲು,
ರಾತ್ರಿಗೆ ಆರು ಡಾಲರು, ನಂಬಿಕೆಯ ಮೇಲೆ.
ಲಕೋಟೆಯಲ್ಲಿ ಕೇಳಿದ್ದು ಇಷ್ಟು:
ಹೆಸರು. ಗಾಡಿಯ ನಂಬರು. ಎಷ್ಟು ಮಂದಿ.
ಯಾರಿಗೆ ಯಾರು ಏನಾಗಬೇಕು ಎಂಬ ಕಾಲಂ ಇರಲಿಲ್ಲ.
ಸದ್ಯ, ಅಂದುಕೊಂಡು ಬರೆದೆ: ಎರಡು.

ಹುಡುಗ ಇನ್ನೂ ಗಾಡಿಯಿಂದ ಇಳಿದಿರಲಿಲ್ಲ.
ಹದಿಮೂರು ವರ್ಷ, ಕಣ್ಣಿನವರೆಗೂ ಟೊಪ್ಪಿ.
ಅವನಪ್ಪ ರಾಯ್ಸ್, ಕೊಲ್ಲಿಯ ನಡುವೆ ತೈಲದ ಅಟ್ಟಣೆಯ ಮೇಲೆ
ಇಪ್ಪತ್ತೊಂದು ದಿನ; ಇವತ್ತಿಗೆ ಒಂಬತ್ತು.
ನಾನು ಆ ಮನೆಗೆ ಬಂದ ಆಗಸ್ಟಿನಿಂದ ಈ ಏಪ್ರಿಲ್‌ವರೆಗೆ
ಟವಾರಿಸ್ ನನ್ನನ್ನು ಏನೂ ಎಂದು ಕರೆದಿಲ್ಲ.
ಅವನ ಮಾತೆಲ್ಲ ನಡುವಿನಿಂದಲೇ ಶುರು,
ತಲೆ ಕಡಿದ ಮೀನಿನ ಹಾಗೆ:
"...ಹಾಲು ಮುಗಿದಿದೆ."
"...ಬಾಗಿಲು ಹಾಕಿಲ್ಲ."
"...ಡೇರೆಯ ಕೋಲು ಎಲ್ಲಿ?"

ಕೋಲು ಮನೆಯಲ್ಲಿ. ಗೋಡೆಗೆ ಒರಗಿಸಿ,
ಮರೆಯಬಾರದೆಂದು ಕಣ್ಣೆದುರೇ ಇಟ್ಟಿದ್ದೆ.

ಹನ್ನೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಒಂದು ಮಗುವನ್ನೂ ಎಲ್ಲೂ ಮರೆತು ಬಂದವಳಲ್ಲ
ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.
ಕತ್ತಲು ಆಗಲೇ ಹಳ್ಳದಿಂದ ಮೇಲೇಳುತ್ತಿತ್ತು.
ಡಿಕಾಕ್ಷನ್ನಿನಂಥ ನೀರು; ಅದರಲ್ಲಿ ಸೈಪ್ರೆಸ್ ಮರಗಳು
ಮಂಡಿ ಮಾತ್ರ ಹೊರಗಿಟ್ಟು,
ಸ್ನಾನಕ್ಕೆ ಕೂತು ಏಳಲು ಮರೆತ ಮುದುಕರಂತೆ.
ಮರದಿಂದ ಮರಕ್ಕೆ ಹಗ್ಗ ಬಿಗಿದು
ಡೇರೆಯನ್ನು ಒದ್ದೆ ದುಪ್ಪಟಿಯಂತೆ ಇಳಿಬಿಟ್ಟೆವು.
ಗಂಟು ಅವನದು.
ನನ್ನದು ಎರಡು ಸಲ ಜಾರಿತ್ತು.

ನೆಲದೊಳಗಿನ ನೀರು ಚಾಪೆಗೆ ಬಂತು,
ಚಾಪೆಯಿಂದ ಬೆನ್ನಿಗೆ.
ಕಪ್ಪೆಗಳು ಹಂದಿಗಳಂತೆ ಗುಟುರು ಹಾಕಿದವು.
ಆಮೇಲೆ ಅದು ಬಂತು:
ಒಣಗರಿ ಮುರಿಯುತ್ತ, ನಿಲ್ಲುತ್ತ, ಮತ್ತೆ ಮುರಿಯುತ್ತ,
ಒಂದಿಡೀ ಕರಡಿಯಷ್ಟು ಸದ್ದು.
ಕತ್ತಲಲ್ಲಿ ನನ್ನ ತೋಳಿನ ಮೇಲೆ
ಅವನ ಐದು ಬೆರಳು ಬಂದು ಕೂತವು.
ಟಾರ್ಚು ಬಿಟ್ಟೆ. ಆರ್ಮಡಿಲ್ಲೊ.
ಬೆಕ್ಕಿನಷ್ಟು ಪ್ರಾಣಿ, ಮೈತುಂಬ ಚಿಪ್ಪು ತೊಟ್ಟು
ಮೂಗನ್ನು ಮಣ್ಣಿಗಿಟ್ಟು ಹುಳು ಹುಡುಕುತ್ತಿತ್ತು,
ನಾವಿರುವುದು ಅದಕ್ಕೆ ಗೊತ್ತೇ ಇಲ್ಲ.
ಬೆರಳುಗಳು ಹೋದವು.
ಯಾರೂ ಆ ಮಾತು ಎತ್ತಲಿಲ್ಲ.
ಯಾರೂ ನಿದ್ದೆಯನ್ನೂ ಮಾಡಲಿಲ್ಲ.

ಇನ್ನೂ ಬೆಳಕು ಹರಿದಿಲ್ಲ, ನೆಲ ನರಳಿತು.
ಮೊದಲು ಅದು ಸದ್ದೇ ಅಲ್ಲ; ಹಲ್ಲಿನ ಬುಡದಲ್ಲಿ ಒಂದು ಜುಮುಜುಮು.
ಮೂರನೇ ಜಾಗದ ಮುದುಕಿ, ಮಿಸ್ ಅರ್ಲೀತಾ ಗ್ಯಾಸ್ಕಿನ್,
ಮಂಡಿಯೂರಿ, ಗೂಟ ನೆಟ್ಟು, ಗೂಟದ ತಲೆಗೆ
ಕಬ್ಬಿಣದ ಪಟ್ಟಿ ಉಜ್ಜುತ್ತಿದ್ದಾಳೆ.
ಎದ್ದು ಬರುತ್ತಿವೆ ಎರೆಹುಳು,
ಎಲೆಗಳಡಿಯಿಂದ, ಕಾಲ್ಬೆರಳ ಸಂದಿಯಿಂದ,
ನಾವು ಮಲಗಿದ್ದ ಚಾಪೆಯ ಕೆಳಗಿಂದ.
"ಬಿಲ ತೋಡೋ ಇಲಿ ಬಂತು ಅಂದ್ಕೊಂಡು ಓಡಿ ಬರ್ತಾವೆ," ಎಂದಳು,
"ನೋಡಿದ್ರೆ ಬರೀ ಗೂಟ."
ಗಾಳಕ್ಕೆಂದು ಒಂದೊಂದೇ ಹೆಕ್ಕಿ ಕಾಫಿ ಡಬ್ಬಿಗೆ ಹಾಕುತ್ತ,
ಒಂದಕ್ಕೊಂದು ಹೋಲದ ನಮ್ಮಿಬ್ಬರ ಮುಖ ನೋಡುತ್ತ,
"ಇವಳು ನಿನಗೆ ಏನಾಗಬೇಕು, ಮಗಾ?"

ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು,
ನಿಲ್ದಾಣ ಬಂದಾಗ ತಾನೇ ತೆರೆಯುವ ಬಾಗಿಲಿನ ಹಾಗೆ.
ಅವನು ಮಣ್ಣಿಗೆ ಅಂಗೈ ಒತ್ತಿ ಕೂತಿದ್ದ. ತಲೆಯೆತ್ತಲಿಲ್ಲ:
"ಡೇರೆಯ ಕೋಲು ಮರೆತು ಬಂದವಳು."

ಮುದುಕಿ ತಲೆಯಾಡಿಸಿದಳು, ಅದೂ ಒಂದು ನಂಟು ಎಂಬಂತೆ,
ಕಬ್ಬಿಣದ ಪಟ್ಟಿಯನ್ನು ಅವನ ಕೈಗೆ ಕೊಟ್ಟಳು.

ಅವನು ಉಜ್ಜಿದ. ಮೊದಮೊದಲು ಬರೀ ಕಿರುಗುಟ್ಟು.
ಆಮೇಲೆ ನೆಲ ಹಿಡಿದುಕೊಂಡಿತು.
ನಾನು ಬರಿಗಾಲಲ್ಲಿ ನಿಂತಿದ್ದೆ, ಆರಡಿ ದೂರ.
ಅಂಗಾಲಿಗೆ ಬಂತು.
"...ಡಬ್ಬಿ ಹಿಡಿ," ಎಂದ.
ಹಿಡಿದೆ.